ಡೇರಿಲ್‌ನ ಕೊನೆಯ ಬಿಲ್ಲೆ

ಲಾರ್ಕ್ ಕ್ರೀಕ್ ಮರ ಕೊಯ್ಯುವವರ ಸಂಘದ ಜುಲೈ ಸಭೆಯಲ್ಲಿ ಟಾಯ್ಲೆಟ್ ಕಾಗದದ ವಿಷಯ ಹದಿನೇಳು ನಿಮಿಷ ತಿಂದಿತು. ವಾರ್ಷಿಕ ಪಂದ್ಯಗಳ ಮೇಳದ ದಿನ ಹೆಂಗಸರ ಕಡೆ ಕಾಗದ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಗಂಡಸರ ಕಡೆ ಸುರುಳಿಗಟ್ಟಲೆ ಉಳಿಯುತ್ತದೆ, ಈ ಸಲ ಯಾರು ಎಷ್ಟು ತರಬೇಕು ಎಂದು ಬುದ್ಧಿ ಬಲಿತ ಒಂಬತ್ತು ಜನ ಕೂತು ವಾದ ಮಾಡಿದರು. ಕಾರ್ಯದರ್ಶಿ ಶರ್ಲಿ ಒಂದು ಮಾತೂ ಬಿಡದೆ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ 'ಇತರ ವಿಷಯಗಳು' ಬಂತು. ಆಗ ಲೊರೇನ್ ಒಂದು ಮಾತು ಹೇಳಿದಳು, ಮೂವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಅದೊಂದನ್ನು ಮಾತ್ರ ಶರ್ಲಿ ಬರೆದುಕೊಳ್ಳಲಿಲ್ಲ. ಅಧ್ಯಕ್ಷ ಗಾರ್ತ್ ಕೈ ಅಡ್ಡ ತಂದು, "ಶರ್ಲ್, ಪೆನ್ನು ಕೆಳಗಿಡು" ಎಂದಿದ್ದ.

ನಡೆದದ್ದು ಹೀಗೆ. ಲೊರೇನ್‌ಗೆ ಐವತ್ತನಾಲ್ಕು. ಅವಳ ಗಂಡ ಡೇರಿಲ್ ಈ ಗಾರ್ತ್‌ನ ತಮ್ಮ. ಹಿಂದಿನ ವರ್ಷ ಫೆಬ್ರವರಿಯಲ್ಲಿ ಈರುಳ್ಳಿ ಹೊಲದ ನಡುವೆ, ಟ್ರ್ಯಾಕ್ಟರ್ ಮೇಲೆ ಕೂತಲ್ಲೇ ಎದೆ ಹಿಡಿದುಕೊಂಡು ಹೊರಟುಹೋದ. ಗಂಡು ಹೆಣ್ಣು ಜೋಡಿಯಾಗಿ ಉದ್ದ ಗರಗಸ ಎಳೆಯುವ ಪಂದ್ಯದಲ್ಲಿ ಅವರಿಬ್ಬರು ಇಪ್ಪತ್ತಾರು ವರ್ಷ ಎದುರುಬದುರು ನಿಂತವರು. ಟ್ಯಾಸ್ಮೇನಿಯಾ ದ್ವೀಪದ ಈ ವಾಯವ್ಯ ಮೂಲೆಯಲ್ಲಿ ಅವರಿಗಿಂತ ವೇಗವಾಗಿ ಕೊಯ್ದವರು ಇದ್ದರು, ಅವರಷ್ಟು ಚೆಂದವಾಗಿ ಕೊಯ್ದವರು ಇರಲಿಲ್ಲ.

ಸಂಘದಲ್ಲಿ ಒಂದು ಪದ್ಧತಿ ಇದೆ. ಗರಗಸದವರೊಬ್ಬರು ಸತ್ತರೆ ಮೇಳದ ದಿನ ಅವರ ಹೆಸರಿನಲ್ಲಿ ದಿಮ್ಮಿಯಿಂದ ಒಂದು ಬಿಲ್ಲೆ ಕೊಯ್ದು ಬೀಳಿಸುತ್ತಾರೆ. ಸತ್ತವರ ಗರಗಸವೇ ಆಗಬೇಕು. ಒಂದು ಹಿಡಿ ಅವರ ಜೋಡಿಯ ಕೈಯಲ್ಲಿ, ಇನ್ನೊಂದು ಹಿಡಿ ಆ ಜೋಡಿ ಆರಿಸಿದವರ ಕೈಯಲ್ಲಿ. ಬಿದ್ದ ಬಿಲ್ಲೆಯ ಮೇಲೆ ಜೋಡಿಯ ಎರಡೂ ಹೆಸರನ್ನು ಬಡಗಿಯ ಪೆನ್ಸಿಲ್ಲಿನಿಂದ ಬರೆದು ಸಂಘದ ಶೆಡ್ಡಿನ ಗೋಡೆಗೆ ಮೊಳೆ ಹೊಡೆಯುತ್ತಾರೆ. ಅಲ್ಲಿ ಈಗ ಹತ್ತೊಂಬತ್ತು ಬಿಲ್ಲೆಗಳಿವೆ. ಡೇರಿಲ್ ಹೋದ ವರ್ಷದ ಮೇಳದಲ್ಲಿ ಲೊರೇನ್‌ಗೆ ಎದ್ದು ನಿಲ್ಲುವ ಚೈತನ್ಯ ಇರಲಿಲ್ಲ, ಹಾಗಾಗಿ ಅವನ ಬಿಲ್ಲೆ ಈ ವರ್ಷಕ್ಕೆ ಬಂದಿತ್ತು.

"ಆ ಕಡೆ ಹಿಡಿ ಯಾರಿಗೆ ಕೊಡ್ತೀಯ ಲೋರ್?" ಎಂದು ಗಾರ್ತ್ ಸಭೆಯಲ್ಲಿ ಕೇಳಿದ.

ಅವಳು ಬಾಯಿ ತೆರೆಯುವ ಮೊದಲೇ ಗಾರ್ತ್‌ನ ಹೆಂಡತಿ ಶೋನಾ ನಡುವೆ ಬಂದಳು. "ಟ್ರೆವ್ ಇದ್ದಾನಲ್ಲ! ಅವನಿಗೂ ಹೆಂಡ್ತಿ ಇಲ್ಲ, ನಿಂಗೂ ಯಾರೂ ಇಲ್ಲ. ಗರಗಸದ ನೆಪದಲ್ಲಾದ್ರೂ ಇಬ್ರೂ ಒಂದು ಕಡೆ ನಿಂತ್ಕೊಳ್ಳಿ."

ಎಲ್ಲರೂ ನಕ್ಕರು. ಟ್ರೆವ್ ಕಿವಿಯವರೆಗೂ ಕೆಂಪಾಗಿ ಬಿಸ್ಕತ್ತು ಕಚ್ಚಿದ.

"ನಂಗೆ ಇದ್ದಾರೆ," ಎಂದಳು ಲೊರೇನ್.

"ಅಯ್ಯೋ ಕಳ್ಳಿ! ಯಾರೇ ಅದು?"

"ಮೊಯ್ರಾ."

ಮೊಯ್ರಾ ಗರಗಸದ ಹಲ್ಲಿಗೆ ಅರ ಹಾಕಿ ಹರಿತ ಮಾಡುವವಳು. ಹಿಂದಿನ ವರ್ಷ ಜುಲೈ ಚಳಿಯಲ್ಲಿ ದ್ವೀಪದ ದಕ್ಷಿಣದಿಂದ ಬಂದು ಹಳೇ ಹಾಲಿನ ಡೈರಿಯಲ್ಲಿ ಅಂಗಡಿ ಇಟ್ಟಿದ್ದಳು. ಅಲ್ಲಿ ಕೂತವರೆಲ್ಲರ ಗರಗಸವೂ ಅವಳ ಕೈಯಲ್ಲಿ ಹಾದುಬಂದದ್ದೇ. ಎಲ್ಲರೂ ಇನ್ನೊಮ್ಮೆ ನಕ್ಕರು.

"ಗೆಳತಿ ಇರೋದು ಒಳ್ಳೇದೇ ಬಿಡು," ಎಂದಳು ಶೋನಾ. "ನಾನು ಕೇಳಿದ್ದು ಅದಲ್ಲ."

"ನೀನು ಕೇಳಿದ್ದಕ್ಕೇ ಹೇಳಿದ್ದು ಕಣೇ. ಡೇರಿಲ್ ನಂಗೆ ಏನಾಗಿದ್ದನೋ ಮೊಯ್ರಾ ಈಗ ಅದೇ."

ಮೂಲೆಯಲ್ಲಿ ಚಹಾದ ಪಾತ್ರೆ ಕುದಿಯುತ್ತಿತ್ತು. ಗಾರ್ತ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ಅಂದ್ರೆ, ಇಷ್ಟು ವರ್ಷ ನೀನು..."

"ಇಷ್ಟು ವರ್ಷ ನಾನು ಡೇರಿಲ್‌ನ ಹೆಂಡ್ತಿ. ಅವನನ್ನ ಪ್ರೀತಿ ಮಾಡಿದ್ದೆ, ಈಗ್ಲೂ ಮಾಡ್ತೀನಿ. ಗಂಡಸರು, ಹೆಂಗಸರು, ಇಬ್ರೂ ನಂಗೆ ಇಷ್ಟ ಆಗ್ತಾರೆ. ಹತ್ತೊಂಬತ್ತು ವಯಸ್ಸಿಂದ ಗೊತ್ತು. ಬೈಸೆಕ್ಷುಯಲ್ ಅಂತಾರೆ ಅದಕ್ಕೆ. ಇದರಲ್ಲಿ ಅರ್ಥ ಆಗದೇ ಇರೋದು ಏನೂ ಇಲ್ಲ ಗಾರ್ತ್."

ಶರ್ಲಿ ಎಂದಿನ ಅಭ್ಯಾಸದಂತೆ ಪೆನ್ನು ಊರಿದ್ದಳು. ಆಗಲೇ ಗಾರ್ತ್ ಕೈ ಅಡ್ಡ ತಂದದ್ದು. ಆಮೇಲೆ ಯಾರೋ ಚಹಾ ಆರಿಹೋಗುತ್ತೆ ಎಂದರು. ಯಾರೂ ಬೈಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಲೊರೇನ್‌ಳ ಕೈಗೆ ಒಂದು ಕಪ್ಪು ಕೊಟ್ಟು, ಹವಾಮಾನದ ಮಾತಾಡಿ, ಅವಳು ಏನೂ ಹೇಳೇ ಇಲ್ಲವೆನ್ನುವಂತೆ ಕಳಿಸಿಕೊಟ್ಟರು. ಬೈದಿದ್ದರೆ ವಾಸಿಯಿತ್ತು, ತಿರುಗಿ ಬೈಯಬಹುದಿತ್ತು.

ಬೈಗುಳ ಬೆನ್ನ ಹಿಂದೆ ಶುರುವಾಯಿತು. ಡೇರಿಲ್ ಬದುಕಿದ್ದಾಗಲೇ ಇತ್ತಂತೆ. ಮೊಯ್ರಾ ಬಂದದ್ದೇ ಅವನು ಸತ್ತು ಐದು ತಿಂಗಳ ಮೇಲೆ, ಆದರೂ ಇತ್ತಂತೆ. ಇಬ್ಬರೂ ಇಷ್ಟ ಅಂದಮೇಲೆ ಒಬ್ಬರಲ್ಲಿ ತೃಪ್ತಿ ಎಲ್ಲಿಯದು ಎಂದು ಶೋನಾ ಬೇಕರಿಯ ಸಾಲಿನಲ್ಲಿ ನಿಂತು ಹೇಳಿದಳಂತೆ. ಶೋನಾಗೆ ಚಹಾನೂ ಇಷ್ಟ, ಕಾಫಿನೂ ಇಷ್ಟ. ಎರಡೂ ಕಪ್ಪು ಒಟ್ಟಿಗೆ ಬಾಯಿಗೆ ಸುರಿದುಕೊಂಡದ್ದನ್ನು ಯಾರೂ ಕಂಡಿಲ್ಲ. ಆದರೆ ಇದನ್ನು ಅವಳಿಗೆ ಹೇಳುವವರು ಯಾರು?

ಲೊರೇನ್‌ಗೆ ಹೆಚ್ಚು ಸಂಕಟವಾದದ್ದು ಅತ್ತೆ ಎಡ್ನಾಳ ವಿಷಯದಲ್ಲಿ. ಎಂಬತ್ತಾರರ ಆ ಮುದುಕಿಯನ್ನು ಪ್ರತಿ ಗುರುವಾರ ಕೂದಲು ಸೆಟ್ ಮಾಡಿಸಲು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವಳು ಲೊರೇನ್. ಹನ್ನೊಂದು ವರ್ಷದಿಂದ ಒಂದು ಗುರುವಾರ ತಪ್ಪಿಸಿರಲಿಲ್ಲ. ಸಭೆಯ ಮರುವಾರ ಎಡ್ನಾ ಇದ್ದ ಗಾರ್ತ್ ಮನೆಯೆದುರು ಹೋಗಿ ಹಾರ್ನ್ ಹೊಡೆದರೆ ಶೋನಾ ಬಾಗಿಲಿಗೆ ಬಂದು, ಇನ್ನು ಮೇಲೆ ಗಾರ್ತ್ ಕರೆದುಕೊಂಡು ಹೋಗ್ತಾನೆ ಎಂದಳು. ಎಡ್ನಾ ಒಳಗೆ ಕಿಟಕಿಯ ಪರದೆಯ ಹಿಂದೆ ಕೂತಿದ್ದಳು. ಕೈಯಾಡಿಸಲಿಲ್ಲ.

ಆಗಸ್ಟ್‌ನಲ್ಲಿ ಗಾರ್ತ್ ಮನೆಗೇ ಬಂದ. ಗಾಡಿ ನಿಲ್ಲಿಸಿ ಅಂಗಳದಲ್ಲೇ ನಿಂತ.

"ಗರಗಸ ತಗೊಂಡು ಹೋಗೋಣ ಅಂತ ಬಂದೆ."

"ಯಾರ ಗರಗಸ?"

"ಡೇರಿಲ್‌ದು. ಜಾರೆಡ್ ಮತ್ತವನ ಹೆಂಡ್ತಿ ಬಿಲ್ಲೆ ಕೊಯ್ತಾರೆ." ಜಾರೆಡ್ ಎಂದರೆ ಗಾರ್ತ್‌ನ ಮಗ. "ಸಮಿತಿ ತೀರ್ಮಾನ ಮಾಡಿದೆ. ನೀನು ಬಾ, ನೋಡು, ಯಾರೂ ಬೇಡ ಅನ್ನಲ್ಲ."

"ಜೋಡಿ ನಾನು ಕಣಯ್ಯ. ಇಪ್ಪತ್ತಾರು ವರ್ಷ ಇನ್ನೊಂದು ಹಿಡಿ ಹಿಡಿದಿದ್ದೋಳು ನಾನು."

"ಜೋಡಿ ಅಂತ ನಾವೂ ಅಂದ್ಕೊಂಡಿದ್ವಿ. ಆ ಬಡಪಾಯಿನೂ ಹಾಗೇ ಅಂದ್ಕೊಂಡು ಸತ್ತ. ಅವನಿಗೆ ಮೋಸ ಮಾಡ್ದೆ ಲೋರ್."

"ಅವನಿಗೆ ಗೊತ್ತಿತ್ತು. ಮದುವೆಗೆ ಮುಂಚೆನೇ ಹೇಳಿದ್ದೆ."

"ಈಗ ಏನು ಬೇಕಾದ್ರೂ ಹೇಳಬಹುದು. ಅವನೇನು ಎದ್ದು ಬಂದು ಅಲ್ಲ ಅಂತಾನಾ?"

ಲೊರೇನ್ ಗರಗಸ ಕೊಡಲಿಲ್ಲ. ಬೇಕಿದ್ದರೆ ಪೊಲೀಸರನ್ನು ಕರೆದುಕೊಂಡು ಬಾ ಎಂದು ಬಾಗಿಲು ಹಾಕಿಕೊಂಡಳು. ಹಾಕಿಕೊಂಡ ಮೇಲೆ ಅಡುಗೆಮನೆಯ ಮೇಜಿಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಸಕ್ಕರೆ ಡಬ್ಬಿ ಉರುಳಿತು. ಅವನಿಗೆ ಗೊತ್ತಿತ್ತು. ಇಪ್ಪತ್ತನಾಲ್ಕು ವಯಸ್ಸಿನಲ್ಲಿ, ಆಲೂಗಡ್ಡೆ ಗೋದಾಮಿನ ಹಿಂದೆ, ಅವನು ಮಾಂಸದ ಪೈ ತಿನ್ನುತ್ತಿದ್ದಾಗ ಹೇಳಿದ್ದಳು. ಆಗ ಈ ದ್ವೀಪದಲ್ಲಿ ಗಂಡಸು ಗಂಡಸಿನ ಜೊತೆ ಮಲಗಿದರೆ ಜೈಲು. ಹೆಂಗಸರ ವಿಷಯ ಕಾನೂನಿನಲ್ಲಿ ಇರಲಿಲ್ಲ, ಊರವರ ಬಾಯಲ್ಲಿ ಇತ್ತು. ಡೇರಿಲ್ ಪೈ ಮುಗಿಸಿ ಕೈ ಒರೆಸಿಕೊಂಡು, "ಹಾಗಾದ್ರೆ ನಂಗೂ ನಿಂಗೂ ರುಚಿ ಒಂದೇ ಅನ್ನು. ಅದು ಬಿಡು, ನಿಂಗೆ ಜೇಡ ಓಡಿಸೋಕೆ ಬರುತ್ತಾ? ನಂಗೆ ಬರಲ್ಲ. ಅದು ಮುಖ್ಯ" ಎಂದಿದ್ದ. ಇಪ್ಪತ್ತೊಂಬತ್ತು ವರ್ಷ ಆ ಮನೆಯ ಜೇಡಗಳನ್ನು ಓಡಿಸಿದವಳು ಲೊರೇನ್. ಇದನ್ನು ಯಾವ ಸಮಿತಿಯ ಮುಂದೆ ಹೇಗೆ ಸಾಬೀತು ಮಾಡುವುದು? ಅದಕ್ಕಿಂತ ಮುಖ್ಯವಾಗಿ, ಯಾಕೆ ಮಾಡಬೇಕು? ಗಾರ್ತ್‌ನ ಮದುವೆ ನಿಜವೇ ಎಂದು ಯಾರಾದರೂ ಸಾಕ್ಷಿ ಕೇಳಿದ್ದಾರೆಯೇ?

"ಒಬ್ಳೇ ಕೂತು ಮೇಜು ಮುರೀಬೇಡ," ಎಂದಳು ಮೊಯ್ರಾ. "ಬರ್ನಿ ಪಟ್ಟಣದಲ್ಲಿ ನಮ್ಮಂಥೋರ ಕೂಟ ಇದೆಯಂತೆ. ಹೋಗೋಣ ನಡಿ."

ಹೋದರು. ಗ್ರಂಥಾಲಯದ ಹಿಂದಿನ ಕೋಣೆ, ಕಾಮನಬಿಲ್ಲಿನ ಬಾವುಟ, ಪ್ಲಾಸ್ಟಿಕ್ ಕುರ್ಚಿಗಳು. ಕೂಟ ನಡೆಸುವ ಬೆಳ್ಳಿಗೂದಲಿನ ಹೆಂಗಸು ಲೊರೇನ್‌ಳ ಕಥೆ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ಲೊರೇನ್‌ಳ ಎರಡೂ ಕೈ ಹಿಡಿದಳು.

"ಅಂತೂ ಹೊರಗೆ ಬಂದೆಯಲ್ಲ ತಾಯಿ. ಮೂವತ್ತು ವರ್ಷ ಆ ಸುಳ್ಳಿನ ಸಂಸಾರದಲ್ಲಿ ಹೇಗೆ ಉಸಿರು ಹಿಡ್ಕೊಂಡಿದ್ದೆ?"

"ಸುಳ್ಳಲ್ಲ ಅದು."

"ಮೊದಮೊದಲು ಎಲ್ರೂ ಹಾಗೇ ಅಂತಾರೆ. ನಾನೂ ಅಂದಿದ್ದೆ. ನಿಧಾನಕ್ಕೆ ಗೊತ್ತಾಗುತ್ತೆ. ಆ ಉಂಗುರ ಇನ್ನೂ ಯಾಕೆ ಹಾಕ್ಕೊಂಡಿದ್ದೀಯ?"

ಲೊರೇನ್ ಕೈ ಬಿಡಿಸಿಕೊಂಡಳು. ಗಾರ್ತ್‌ನಿಂದ ಇದನ್ನು ಕೇಳಬಹುದಿತ್ತು, ಅವನಿಗೆ ಅಷ್ಟೇ ಬುದ್ಧಿ. ಇಲ್ಲಿ, ಬಾವುಟದ ಕೆಳಗೆ, ಕಣ್ಣೀರು ಹಾಕಿಕೊಂಡು ಅದೇ ಮಾತು! ಅಲ್ಲಿ ಮೊಯ್ರಾ ಸುಳ್ಳು, ಇಲ್ಲಿ ಡೇರಿಲ್ ಸುಳ್ಳು. ಯಾರ ಬಳಿ ಹೋದರೂ ಅವಳ ಬದುಕಿನ ಅರ್ಧವನ್ನು ಬಾಗಿಲ ಹೊರಗೆ ಬಿಟ್ಟು ಬಾ ಎನ್ನುವವರೇ. ಎದ್ದು ಹೊರಗೆ ಬಂದು, ಕಾರು ನಿಲ್ಲಿಸಿದ ಜಾಗದಲ್ಲಿ ನಿಂತು, ತನಗೆ ಗೊತ್ತಿದ್ದ ಕೆಟ್ಟ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿದಳು.

"ಒಂದು ಬಿಟ್ಟೋಯ್ತು ನೋಡಿ," ಎಂದ ಯಾರೋ. ಕೋಣೆಯಲ್ಲಿ ಚಹಾ ಪಾತ್ರೆಯ ಪಕ್ಕ ನಿಂತಿದ್ದ ದಪ್ಪ ಮನುಷ್ಯ. ಆಲೂಗಡ್ಡೆ ಲಾರಿ ಓಡಿಸುವ ಮರ್ವ್ ಅಂತೆ. "ನಂಗೂ ಅಲ್ಲಿ ಹಾಗೇ ಆಯ್ತು. ನನ್ನ ಹೆಂಡ್ತಿ ಲಿನ್‌ನ ಕರ್ಕೊಂಡು ಬಂದಿದ್ದೆ. ಇವಳನ್ನ ಯಾವಾಗ ಬಿಡ್ತೀಯ ಅಂತ ಅವಳ ಎದುರಿಗೇ ಕೇಳಿದ್ರು. ಒಳ್ಳೇ ಜನಾನೇ, ಆದ್ರೆ ಎರಡು ಅನ್ನೋವರೆಗೆ ಎಣಿಸೋಕೆ ಬರಲ್ಲ. ನೀವು ಭಾನುವಾರ ಬೆಳಿಗ್ಗೆ ಪೆಂಗ್ವಿನ್ ಊರಿಗೆ ಬನ್ನಿ. ಬೇಕರಿಯಲ್ಲಿ ನಾವು ಆರು ಜನ ಸೇರ್ತೀವಿ. ಬಾವುಟಗೀವುಟ ಏನಿಲ್ಲ, ಪೈ ಮಾತ್ರ ಚೆನ್ನಾಗಿರುತ್ತೆ."

ಪೆಂಗ್ವಿನ್ ಊರಿನ ಸಮುದ್ರದ ಎದುರಿನ ಆ ಬೇಕರಿಯ ಮೂಲೆ ಮೇಜಿನಲ್ಲಿ ಮರ್ವ್ ಮತ್ತು ಲಿನ್ ಇದ್ದರು. ಹಿಂದೆ ಗಣಿತ ಮೇಷ್ಟರಾಗಿದ್ದ ಮುದುಕರೊಬ್ಬರು, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು, ಇನ್ನಿಬ್ಬರು ಇದ್ದರು. ಲೊರೇನ್ ಸಿದ್ಧವಾಗಿಯೇ ಹೋಗಿದ್ದಳು, ಯಾರಾದರೂ ಕೈ ಹಿಡಿಯಲು ಬಂದರೆ ಎದ್ದು ಬಿಡುವುದೆಂದು. ಯಾರೂ ಕೈ ಹಿಡಿಯಲಿಲ್ಲ. ಮೇಷ್ಟರು ಸಾಸ್ ಬಾಟಲಿ ಅವಳ ಕಡೆ ತಳ್ಳಿದರು.

"ಮರ್ವ್ ಹೇಳ್ದ, ನಿಮ್ಮ ಯಜಮಾನರು ಹೋದ್ರಂತೆ. ಹೇಗಿದ್ರು ಅವರು?"

ಲೊರೇನ್ ಪೈಯನ್ನು ತಟ್ಟೆಯಲ್ಲಿಟ್ಟಳು. ಜುಲೈನಿಂದ ಇಲ್ಲಿಯವರೆಗೆ ಒಬ್ಬರೂ ಇದನ್ನು ಕೇಳಿರಲಿಲ್ಲ. ಅವಳು ಆ ಮಾತು ಹೇಳಿದ ದಿನದಿಂದ ಡೇರಿಲ್‌ನಿಗಾಗಿ ಅಳುವ ಹಕ್ಕೇ ಅವಳಿಗಿಲ್ಲ ಎಂಬಂತೆ ಊರು ನಡೆದುಕೊಂಡಿತ್ತು. ಒಂದು ಗಂಟೆ ಹೇಳಿದಳು. ಜೇಡದ ಕಥೆ, ಪಂದ್ಯದ ನಡುವೆ ಅವನ ಪ್ಯಾಂಟು ಜಾರಿದ ಕಥೆ. ಮೊಯ್ರಾ ಪಕ್ಕದಲ್ಲಿ ಕೂತು, "ಆ ಪ್ಯಾಂಟಿನದು ಇನ್ನೊಂದ್ಸಲ ಹೇಳು, ಇವರಿಗೆ ಸರಿಯಾಗಿ ಹೇಳಲಿಲ್ಲ ನೀನು" ಎಂದು ನಗುತ್ತಿದ್ದಳು. ಲೊರೇನ್ ಅತ್ತಳು, ತಣ್ಣಗಾದ ಪೈ ತಿಂದಳು. ಎಂಟು ಜನರ ಆ ಮೇಜಿನಲ್ಲಿ ಅವಳು ಪೂರ್ತಿಯಾಗಿ ಕೂತಿದ್ದಳು.

ಮೂರನೇ ಭಾನುವಾರ ಗರಗಸದ ವಿಷಯ ಬಂತು.

"ಗರಗಸ ನಿಮ್ಮ ಹತ್ರಾನೇ ಇದೆ ತಾನೆ?" ಎಂದ ಮರ್ವ್. "ಮತ್ತೆ ಅದಿಲ್ಲದೆ ಅವರು ಹೇಗೆ ಕೊಯ್ತಾರೆ, ಹಲ್ಲಲ್ಲಾ?"

ಮೇಳದ ದಿನ ನವೆಂಬರಿನ ಶನಿವಾರ. ಬಿಸಿಲಿತ್ತು, ಸಮುದ್ರದ ಕಡೆಯಿಂದ ಗಾಳಿಯೂ ಇತ್ತು. ಹನ್ನೊಂದು ಗಂಟೆಗೆ ಗಾರ್ತ್ ಮೈಕಿನ ಮುಂದೆ ನಿಂತು, "ಈಗ ನನ್ನ ತಮ್ಮನ ನೆನಪಿನಲ್ಲಿ ಜಾರೆಡ್ ಮತ್ತು ಅವನ ಶ್ರೀಮತಿ..." ಎಂದು ಶುರುಮಾಡಿದ. ಜಾರೆಡ್‌ನ ಕೈಯಲ್ಲಿ ಯಾರದೋ ಎರವಲು ಗರಗಸ ಇತ್ತು. ಡೇರಿಲ್‌ದಲ್ಲದ ಗರಗಸದಲ್ಲಿ ಡೇರಿಲ್‌ನ ಬಿಲ್ಲೆ! ಹತ್ತೊಂಬತ್ತು ಬಿಲ್ಲೆಗಳಲ್ಲಿ ಒಂದಕ್ಕೂ ಹೀಗಾಗಿರಲಿಲ್ಲ. ಪದ್ಧತಿ ಪದ್ಧತಿ ಎಂದು ಬಾಯಿ ಬಡಿದುಕೊಳ್ಳುವವರು ಲೊರೇನ್‌ಳನ್ನು ದೂರವಿಡಲು ಪದ್ಧತಿಯನ್ನೇ ಮುರಿಯಲು ತಯಾರಾಗಿದ್ದರು.

ಲೊರೇನ್ ಹಗ್ಗದ ಕೆಳಗೆ ನುಸುಳಿ ಕಣಕ್ಕೆ ಬಂದಳು. ಹೆಗಲ ಮೇಲೆ ಡೇರಿಲ್‌ನ ಗರಗಸ ಬಳುಕುತ್ತಿತ್ತು. ಮೊಯ್ರಾ ಹಿಂದಿನ ದಿನವಿಡೀ ಕೂತು ಅದರ ಒಂದೊಂದು ಹಲ್ಲಿಗೂ ಅರ ಹಾಕಿದ್ದಳು.

"ಪಕ್ಕಕ್ಕೆ ಸರಿ," ಎಂದಳು ಲೊರೇನ್.

ಜಾರೆಡ್ ಅಪ್ಪನ ಕಡೆ ನೋಡಿದ. ಚಿಕ್ಕಮ್ಮನ ಕಡೆ ನೋಡಿದ. ಅವನಿಗೆ ಗರಗಸ ಹಿಡಿಯಲು ಕಲಿಸಿದವಳು ಅವಳೇ. ಅವನು ಪಕ್ಕಕ್ಕೆ ಸರಿದ.

ಗಾರ್ತ್ ಮೈಕನ್ನು ಕೈಯಿಂದ ಮುಚ್ಚಿದ, ಸರಿಯಾಗಿ ಮುಚ್ಚಲಿಲ್ಲ. "ಲೋರ್, ಇಷ್ಟು ಜನರ ಮುಂದೆ ಮಾನ ಕಳೀಬೇಡ. ಆ ಹೆಂಗಸನ್ನ ಡೇರಿಲ್‌ನ ಹಿಡಿ ಹಿಡಿಯೋಕೆ ನಾನು ಬಿಡಲ್ಲ" ಎಂದದ್ದು ಮೈದಾನಕ್ಕೆಲ್ಲ ಕೇಳಿತು.

"ನಾನು ಕೇಳ್ಲೇ ಇಲ್ವಲ್ಲಪ್ಪ," ಎಂದಳು ಮೊಯ್ರಾ ಹಗ್ಗದ ಆಚೆಯಿಂದ. "ಅದು ಅವನ ಹಿಡಿ. ನಂಗೆ ನಂದೇ ಇದೆ."

ಲೊರೇನ್ ಗರಗಸವನ್ನು ದಿಮ್ಮಿಯ ಮೇಲಿಟ್ಟಳು. ನೀಲಗಿರಿ ಮರದ ದಿಮ್ಮಿ, ಹದಿನೆಂಟು ಇಂಚು ದಪ್ಪ. ತನ್ನ ಕಡೆಯ ಹಿಡಿ ಹಿಡಿದಳು. ಆ ಕಡೆಯ ಹಿಡಿ ಖಾಲಿ. ಎಳೆದಳು.

ಜೋಡಿ ಗರಗಸದ ಒಂದೇ ಗುಟ್ಟು ಎಂದರೆ ನಿನ್ನ ಪಾಲಿನದನ್ನು ಎಳೆ, ಆಮೇಲೆ ಬಿಡು, ಎಂದೂ ತಳ್ಳಬೇಡ. ವಾಪಸ್ ಎಳೆಯುವ ಕೆಲಸ ಎದುರಿಗಿರುವವನದು. ಇಪ್ಪತ್ತಾರು ವರ್ಷ ಅವಳು ತಳ್ಳಿರಲಿಲ್ಲ. ಇವತ್ತು ಎಳೆದೂ ತಳ್ಳಿಯೂ ಮಾಡಬೇಕಾಯಿತು. ತಳ್ಳಿದಾಗಲೆಲ್ಲ ಆ ಕಡೆಯ ತುದಿ ಬಾಗಿ ಗಡಗಡ ನಡುಗುತ್ತಿತ್ತು. ಮೂರನೇ ಒಂದು ಭಾಗ ಇಳಿಯುವಷ್ಟರಲ್ಲಿ ತೋಳು ಉರಿಯತೊಡಗಿತು. ಹೊಟ್ಟು ಅವಳ ಬೂಟಿನ ಮೇಲೆ ಬೀಳುತ್ತಿತ್ತು.

ಅರ್ಧಕ್ಕೆ ಬಂದಾಗ ಗರಗಸ ಕಚ್ಚಿಕೊಂಡಿತು. ಅರ್ಧ ಕೊಯ್ದ ದಿಮ್ಮಿ ತನ್ನ ಭಾರಕ್ಕೆ ತಾನೇ ಕೂಡಿಕೊಂಡು ಅಲಗನ್ನು ಹಿಡಿದುಬಿಡುತ್ತದೆ. ಆಗ ಸೀಳಿನಲ್ಲಿ ಬೆಣೆ ಇಟ್ಟು ಹೊಡೆದು, ಎಣ್ಣೆ ಬಿಡಬೇಕು. ಆ ಕೆಲಸಕ್ಕೆಂದೇ ಇಬ್ಬರು ಇರುತ್ತಾರೆ. ಅವತ್ತೂ ಇದ್ದರು. ಬೆಣೆಯ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದರು. ಅವರು ಗಾರ್ತ್ ಕಡೆ ನೋಡಿದರು. ಗಾರ್ತ್ ತಲೆ ಅಡ್ಡ ಆಡಿಸಿದ. ಇಬ್ಬರೂ ಕೈಕಟ್ಟಿ ನೆಲ ನೋಡಿದರು. ಅವರಲ್ಲೊಬ್ಬ ಟ್ರೆವ್. ಅವನ ಹೆಂಡತಿ ಕ್ಯಾನ್ಸರಿನಲ್ಲಿ ಮಲಗಿದ್ದಾಗ ಒಂಬತ್ತು ವಾರ ಅವನ ಮನೆಗೆ ಊಟ ಕೊಟ್ಟು ಬಂದವಳು ಲೊರೇನ್. ಆ ತಟ್ಟೆಗಳು ಅವನಿಗೆ ನೆನಪಾಗಲಿಲ್ಲ.

ಲೊರೇನ್ ಎಳೆದಳು. ಅಲಗು ಅಲುಗಲಿಲ್ಲ. ಮತ್ತೆ ಎಳೆದಳು. ಸಿಟ್ಟಿಗೆ ಕಣ್ಣು ಮಂಜಾಯಿತು.

ಹಗ್ಗ ಕಿತ್ತುಬಂದ ಹಾಗೆ ಸದ್ದಾಯಿತು. ಮರ್ವ್ ಹಗ್ಗದ ಕೆಳಗೆ ನುಸುಳಲಾರದೆ ಗೂಟ ಸಮೇತ ಎಳೆದುಕೊಂಡು ಬರುತ್ತಿದ್ದ. ಅವನ ಹಿಂದೆ ಲಿನ್, ಗಣಿತ ಮೇಷ್ಟರು, ಬೇಕರಿ ಮೇಜಿನ ಉಳಿದವರೆಲ್ಲರೂ, ಎಲ್ಲರಿಗಿಂತ ಮುಂದೆ ಮೊಯ್ರಾ ಎಣ್ಣೆ ಡಬ್ಬಿ ಹಿಡಿದು. ಮರ್ವ್ ಟ್ರೆವ್‌ನನ್ನು ಬದಿಗೆ ಸರಿಸಿ ಪೆಟ್ಟಿಗೆಯಿಂದ ಬೆಣೆ ತೆಗೆದ.

"ಉಲ್ಟಾ ಹಿಡಿದಿದ್ದೀಯ ಕಣೋ! ಚೂಪು ಕೆಳಗೆ!" ಎಂದು ಮೊಯ್ರಾ ಕಿರುಚಿದಳು.

"ನಂಗೇನು ಗೊತ್ತು, ನಾನು ಆಲೂಗಡ್ಡೆಯೋನು!"

ಬೆಣೆ ತಿರುಗಿತು. ಮರ್ವ್ ಎರಡು ಏಟು ಹಾಕಿದ. ಎಣ್ಣೆ ಇಳಿಯಿತು. ಅಲಗು ಸಡಿಲವಾಗಿ ಮತ್ತೆ ಹಾಡತೊಡಗಿತು. ಖಾಲಿ ಹಿಡಿಯನ್ನು ಅವರಲ್ಲಿ ಯಾರೂ ಮುಟ್ಟಲಿಲ್ಲ. ಮೇಷ್ಟರು ಮಾತ್ರ ಸಣ್ಣ ದನಿಯಲ್ಲಿ ಲೊರೇನ್‌ಳ ಎಳೆತಗಳನ್ನು ಎಣಿಸತೊಡಗಿದರು. ಉಳಿದವರೂ ದನಿಗೂಡಿಸಿದರು. ಹಗ್ಗದ ಆಚೆಯಿಂದ ಕೂಡ ಕೆಲವರು ಎಣಿಸಿದರು, ಯಾರೆಂದು ಅವಳು ತಿರುಗಿ ನೋಡಲಿಲ್ಲ. ನೂರಾ ಹದಿನಾಲ್ಕನೆಯ ಎಳೆತಕ್ಕೆ ಬಿಲ್ಲೆ ಕಳಚಿ ಹುಲ್ಲಿನ ಮೇಲೆ ಬಿತ್ತು.

ಲೊರೇನ್ ಮಂಡಿಯೂರಿ ಅದನ್ನೆತ್ತಿಕೊಂಡಳು. ಜೇಬಿನಿಂದ ಬಡಗಿ ಪೆನ್ಸಿಲ್ ತೆಗೆದು 'ಡೇರಿಲ್' ಎಂದು ಬರೆದು, ಕೆಳಗೆ 'ಲೊರೇನ್' ಎಂದು ಬರೆದಳು. ತನ್ನ ಹೆಸರು ಸೊಟ್ಟಗಾಯಿತು.

ಆಗ ಎಡ್ನಾ ಬಂದಳು. ಕೋಲೂರಿಕೊಂಡು, ಕುರ್ಚಿಗಳ ಸಾಲಿನಿಂದ ಕಣದ ನಡುವಿನವರೆಗೆ ಅವಳು ಒಬ್ಬಳೇ ನಡೆದು ಬಂದಳು. ಎಲ್ಲರೂ ಕಾದರು. ಗಾರ್ತ್‌ನ ಮುಂದಿದ್ದ ಮೈಕನ್ನು ಕೋಲಿನಿಂದ ತನ್ನ ಕಡೆ ಎಳೆದುಕೊಂಡಳು.

"ಡೇರಿಲ್‌ಗೆ ಗೊತ್ತಿತ್ತು," ಎಂದಳು. "ಮದುವೆಗೆ ಒಂದು ವಾರ ಇರುವಾಗ ನಂಗೆ ಬಂದು ಹೇಳ್ದ. ನಾನು ಬಟಾಣಿ ಬಿಡಿಸ್ತಿದ್ದೆ. ನಿಂಗೆ ಪರವಾಗಿಲ್ವೇನೋ ಅಂದೆ. ಅವಳು ನಂಗೆ ನಿಜ ಹೇಳಿದಾಳಮ್ಮ, ಅಷ್ಟು ನಿಜ ನಮ್ಮ ಮನೇಲಿ ಯಾರೂ ಹೇಳಲ್ಲ ಅಂದ. ಇಷ್ಟೇ."

ಗಾರ್ತ್‌ನ ಮುಖದ ಬಣ್ಣ ಮೂರು ಸಲ ಬದಲಾಯಿತು. ಆಮೇಲೆ, ನಂಬುವುದಕ್ಕಾಗದು, ಅವನು ನಕ್ಕ. ಎದೆಯ ಮೇಲಿನ ಭಾರ ಇಳಿದವನ ನಗು. ಎರಡೂ ತೋಳು ಅಗಲಿಸಿ ಲೊರೇನ್‌ಳ ಕಡೆ ಬಂದ.

"ಮೊದಲೇ ಹೇಳಬಾರದಾಗಿತ್ತಾ ಅಮ್ಮ! ಡೇರಿಲ್‌ಗೇ ಗೊತ್ತಿತ್ತು ಅಂದ್ಮೇಲೆ ಆ ಮಾತೇ ಬೇರೆ. ಅವನೇ ಒಪ್ಪಿದ್ದ ಅಂದ್ರೆ ನಮ್ದೇನಿದೆ? ಬಾ ಲೋರ್, ಆ ಬಿಲ್ಲೆ ಕೊಡು, ನಾನೇ ಮೊಳೆ ಹೊಡೀತೀನಿ."

"ಅಲ್ಲೇ ನಿಂತ್ಕೋ," ಎಂದಳು ಲೊರೇನ್.

ಅವಳ ದನಿ ಎತ್ತರವಿರಲಿಲ್ಲ. ಆದರೆ ಮೈಕು ಹತ್ತಿರವೇ ಇತ್ತು.

"ಜುಲೈನಲ್ಲಿ ನಾನು ಹೇಳ್ದೆ, ನಂಬಲಿಲ್ಲ. ಆಗಸ್ಟ್‌ನಲ್ಲಿ ಹೇಳ್ದೆ, ಸುಳ್ಳಿ ಅಂದೆ. ನನ್ನ ಬದುಕು ಅದು ಗಾರ್ತ್. ನನ್ನ ಬಾಯಲ್ಲಿ ಬಂದ್ರೆ ಸುಳ್ಳು, ಸತ್ತೋನು ಹೇಳಿದ್ದ ಅಂತ ಗೊತ್ತಾದ್ರೆ ನಿಜವಾ? ಅವನು ಒಪ್ಪದೇ ಇದ್ದಿದ್ರೆ? ನಾನು ಅವನಿಗೆ ಹೇಳೋಕೆ ಧೈರ್ಯವಿಲ್ಲದೆ ಇದ್ದಿದ್ರೆ? ಆಗ ನಾನು ಅವನ ಹೆಂಡ್ತಿ ಅಲ್ವಾ? ಈ ಗರಗಸ ನಾನು ಎಳೆದಿಲ್ವಾ?"

ಗಾರ್ತ್‌ನ ತೋಳುಗಳು ಅಗಲಿಸಿದ ಹಾಗೆಯೇ ನಿಂತಿದ್ದವು. ಏನು ಮಾಡಬೇಕೆಂದು ತಿಳಿಯದೆ ಅವನು ಅವನ್ನು ನಿಧಾನಕ್ಕೆ ಇಳಿಸಿದ.

ಲೊರೇನ್ ಅತ್ತೆಯ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು ಎಡ್ನಾ. ನಾಲ್ಕು ತಿಂಗಳು ಪರದೆ ಹಿಂದೆ ಕೂತಿದ್ರಿ."

"ಗಾರ್ತ್ ಮನೇಲಿ ಇರೋಳು ಕಣಮ್ಮ ನಾನು. ಹೆದರಿಕೆ ಆಯ್ತು."

"ನಂಗೂ ಆಗಿತ್ತು." ಲೊರೇನ್ ಪೆನ್ಸಿಲ್ಲನ್ನು ಜೇಬಿಗೆ ಸೇರಿಸಿದಳು. "ಗುರುವಾರ ಬರ್ತೀನಿ, ಕೂದಲಿಗೆ ಕರ್ಕೊಂಡು ಹೋಗ್ತೀನಿ. ಕಾರಲ್ಲಿ ಮಾತಾಡೋಣ. ಇವತ್ತು ನಿಮ್ಮನ್ನ ತಬ್ಬಿಕೊಳ್ಳೋಕೆ ನನ್ನಿಂದ ಆಗಲ್ಲ."

ಮುದುಕಿ ತಲೆಯಾಡಿಸಿದಳು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತಳು.

ಲೊರೇನ್ ಬಿಲ್ಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಸಂಘದ ಶೆಡ್ಡಿನ ಕಡೆ ನಡೆದಳು. ಮೊಯ್ರಾ ಗರಗಸ ಹೊತ್ತುಕೊಂಡು ಹಿಂದೆ ಬಂದಳು, ಪೆಂಗ್ವಿನ್‌ನವರು ಅವಳ ಹಿಂದೆ, ಅವರ ಹಿಂದೆ ಅರ್ಧ ಮೈದಾನ. ಶೆಡ್ಡಿನ ಬಾಗಿಲಲ್ಲಿ ಶರ್ಲಿ ಲಾಟರಿ ಚೀಟಿಗಳ ಮೇಜಿನ ಹಿಂದೆ ಕೂತಿದ್ದಳು. ಅವಳ ಚೀಲದಿಂದ ನಡಾವಳಿ ಪುಸ್ತಕದ ನೀಲಿ ಮೂಲೆ ಇಣುಕುತ್ತಿತ್ತು. ಅದಿಲ್ಲದೆ ಅವಳು ಮನೆಯ ಹಿತ್ತಲಿಗೂ ಹೋಗುವವಳಲ್ಲ.

"ತೆಗಿ ಅದನ್ನ," ಎಂದಳು ಲೊರೇನ್. "ಜುಲೈ ಪುಟ. ನಾನು ಅವತ್ತು ಏನು ಹೇಳ್ದೆ ಅಂತ ನೆನಪಿದೆಯಾ?"

"ಒಂದೊಂದು ಮಾತೂ ನೆನಪಿದೆ," ಎಂದಳು ಶರ್ಲಿ. ಅವಳ ಕಣ್ಣು ಕೆಂಪಾಗಿತ್ತು.

"ಬರಿ. ಬರೆಯೋವರೆಗೂ ಈ ಬಿಲ್ಲೆ ನಿಮ್ಮ ಗೋಡೆಗೆ ಏರಲ್ಲ. ಪೆಂಗ್ವಿನ್ ಬೇಕರಿಯಲ್ಲಿ ಗೋಡೆ ಇದೆ, ಮೊಳೆ ಅಲ್ಲೂ ಸಿಗುತ್ತೆ."

ಶರ್ಲಿ ಜನರ ನಡುವೆ ಬಂದು ನಿಂತಿದ್ದ ಗಾರ್ತ್ ಕಡೆ ನೋಡಲಿಲ್ಲ. ಪುಸ್ತಕ ತೆರೆದು, ಪುಟ ಹುಡುಕಿ, ಪೆನ್ನಿನ ಮುಚ್ಚಳ ಹಲ್ಲಿನಿಂದ ಕಿತ್ತಳು. ಆ ಪುಟದ ತುಂಬ ಟಾಯ್ಲೆಟ್ ಕಾಗದವೇ ಇತ್ತು, ಮೇಲೆ ಎರಡು ಗೆರೆ ಜಾಗ, ಕೆಳಗೆ ಎರಡು ಗೆರೆ ಜಾಗ.

"ಎಲ್ಲಿ ಬರೀಲಿ ಲೋರ್? ಕಾಗದದ ಮೇಲೋ, ಕೆಳಗೋ?"

"ಮೇಲೆ," ಎಂದಳು ಲೊರೇನ್. ಶರ್ಲಿ ಬರೆದು ಮುಗಿಸುವವರೆಗೂ ಬಿಲ್ಲೆಯನ್ನು ಕಂಕುಳಿನಿಂದ ತೆಗೆಯದೆ, ಒಂದೊಂದು ಅಕ್ಷರವನ್ನೂ ನೋಡುತ್ತ ನಿಂತಿದ್ದಳು.